ಎದಿ ಒಬ್ಬರದು, ಡೈರಿ ಇನ್ನೊಬ್ಬರದು

ಎದಿ ಬಡಿತ ಸುಳ್ಳು ಹೇಳೂದಿಲ್ಲ. ಆದ್ರ ಎದಿ ಇರೋ ಮಂದಿ ಹೇಳೂ ಸುಳ್ಳು ಕೇಳಿ ಕೇಳಿ ನನಗ ಸಾಕಾಗೇತಿ.

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಅಂತ ಹೃದಯದ ಡಾಕ್ಟರ ಜೋಡಿ ತಿರುಗೋದು ನನ್ನ ಕೆಲಸ. ಹೃದಯದ ನಾಳ ಕಟ್ಟಿದೋರ ಎದಿಗೆ ವೈರ್ ಅಂಟಿಸಿ ನಡಕ್ಕೊಂದು ಡಬ್ಬಿ ಕಟ್ತೇನಿ. ಒಂದು ಹಗಲು ಒಂದು ರಾತ್ರಿ ಅದು ಬಡಿತ ಬರಕೊಂತೇತಿ. ತಾಳ ತಪ್ಪಿ ಜೀವಕ್ಕ ಕುತ್ತು ಬರೂದಿದ್ರ ಮೊದ್ಲ ಗೊತ್ತಾಗ್ಲಿ ಅಂತ. ಯಾವಾಗ ಏನು ಮಾಡಿದ್ರಿ ಅನ್ನೋದನ್ನ ರೋಗಿ ಡೈರಿಯಾಗ ಬರೀಬೇಕು.

೧. ಮರ್ಯಾದಿ ದಿನ

ಸವಣೂರಾಗ ಒಬ್ಬ ವೀಳ್ಯದೆಲಿ ವ್ಯಾಪಾರಿ, ಮಾತಿಗೊಮ್ಮೆ ಜಗಳ ತಗಿಯೋ ಮನುಷ್ಯಾ. ಡೈರಿ ನೋಡಿದ್ರ ‘ಧ್ಯಾನ, ಗಂಜಿ, ಧ್ಯಾನ’. ಬಡಿತ ಗಡಿಯಾರಧಂಗ.

“ದಿನಾ ಹಿಂಗ ಇರ್ತೀರೇನ್ರಿ?” ಅಂದೆ.

“ಛೇ! ಎಲ್ಲಾ ಬರಕೊಂತೇತಿ ಅಂದ್ರಿ, ಒಂದಿನನರ ಮರ್ಯಾದಿಂದ ಇದ್ದೆ. ಲಗೂನ ಬಿಚ್ರಿ, ಹೊರಗ ಒಬ್ಬಾವನ್ನ ಬೈಯೋದೈತಿ.”

೨. ಎರಡು ದೇಹ, ಒಂದ ಜೀವ

ಮಾಸೂರಿನ ಒಬ್ಬ ಗೌಡ್ರಿಗೆ ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿತ್ತು. ಡಬ್ಬಿ ಕಟ್ಟಿ ಕಳಿಸಿದೆ. ಮರುದಿನ ಗಂಡ ಹೆಂಡ್ತಿ ಬಂದು ತಿರುಗಿ ಕೊಟ್ರು. ಕಂಪ್ಯೂಟರಿಗೆ ಹಾಕಿ ನೋಡಿದ ಡಾಕ್ಟರ್ರು ಗಾಬರಿ! ಸಂಜಿ ಐದಕ್ಕ ಸಾಲು ಸಾಲು ತಪ್ಪು ಬಡಿತ. ಡೈರಿಯಾಗ ಆ ಹೊತ್ತಿಗೆ, ‘ಬೀಗರ ಜೋಡಿ ಎಲಿ ಅಡಿಕಿ ಹಾಕ್ಕೊಂಡು ಕುಂತಿದ್ದೆ.’

“ಗೌಡ್ರ, ಜೀವಕ್ಕ ಅಪಾಯ ಐತಿ. ಇವತ್ತ ಹುಬ್ಬಳ್ಳಿಗೆ ಹೋಗ್ರಿ” ಅಂದ್ರು.

ಗೌಡ್ರು ನಕ್ಕರು. “ನನಗೇನಾಗೇತ್ರಿ? ಮಗಳನ್ನ ನೋಡಾಕ ಬೀಗರಾಗೋರು ಬಂದಿದ್ರು. ವೈರ್ ಕಂಡ್ರ ಮನಿತನದಾಗ ಎದಿ ರೋಗ ಐತಿ ಅಂದಾರು ಅಂತ ಬಿಚ್ಚಿ ಇಕಿಗೆ ಅಂಟಿಸಿದ್ದೆ. ಗಂಡ ಹೆಂಡ್ತಿ ಎರಡು ದೇಹ ಒಂದ ಜೀವ ಅಂತಾರಲ್ರಿ!”

ಡಾಕ್ಟರ್ರು ನಗಲಿಲ್ಲ. ಗೌಡಶ್ಯಾನಿ ಕಡೆ ತಿರುಗಿ, “ಐದಕ್ಕ ನೀವೇನ್ ಮಾಡಾಕತ್ತಿದ್ರಿ, ಅವ್ವಾರ?” ಅಂದ್ರು.

“ಹದಿನೈದು ಮಂದಿಗೆ ಹೋಳಿಗಿ ಲಟ್ಟಸಾಕತ್ತಿದ್ದೆರಿ. ಎದಿ ಹಿಡಕೊಂಡಿತ್ತು. ದಿನಾ ಹಿಡಕೊಂತೇತಿ, ಗ್ಯಾಸ್ ಅಂತ ಇವರು ಸೋಡಾ ಕುಡಸ್ತಾರ. ನಾ ಹುಬ್ಬಳ್ಳಿಗೆ ಹೋದ್ರ ದನ ನೋಡೋರ್ಯಾರ್ರಿ?”

ಗೌಡ್ರ ಮೀಸಿ ಇಳೀತು. “ದನ ಹಾಳಾಗ್ಲಿ, ನೀ ಮೊದ್ಲ ನಡಿ” ಅಂದ್ರು.

೩. ಬರಿಯೋರ ಪಾಡು

ಗೌಡಶ್ಯಾನಿಗೆ ಎರಡು ನಾಳ ಕಟ್ಟಿದ್ವು; ಹುಬ್ಬಳ್ಯಾಗ ಬಿಡಿಸಿ ಕಳಿಸಿದ್ರು. ಎರಡು ತಿಂಗಳ ಮ್ಯಾಲೆ ಮತ್ತ ಡಬ್ಬಿ ಕಟ್ಟಿದೆ, ಈ ಸಲ ಅವರ ಹೆಸರಿಗೇನ.

“ಏನ್ ಮಾಡಿದ್ರೂ ಬರೀರಿ, ಅವ್ವಾರ.”

“ಬರಿಯಾಕ ಪುರಸೊತ್ತೆಲ್ಲೈತ್ರಿ? ಇವರು ನನ್ನ ಬೆನ್ನಹತ್ತಿ ಬರೀಲಿ.”

ಮರುದಿನ ಮುಂದ ಗೌಡಶ್ಯಾನಿ ಆರಾಮ ಬಂದ್ರು. ಹಿಂದ ಗೌಡ್ರು ಟವೆಲ್ಲಿನಿಂದ ಬೆವರು ಒರಸ್ಕೊಂತ. ಡೈರಿ ತುಂಬಿ ಕ್ಯಾಲೆಂಡರ್ ಹಾಳಿ ಹಿಂದೂ ಬರದಿದ್ರು: ‘ಐದು: ಎದ್ದಳು. ಐದೂ ಹತ್ತು: ಕಸ. ಐದೂವರಿ: ಹಾಲು ಹಿಂಡಿದಳು. ಆರು: ರೊಟ್ಟಿ. ಒಂಬತ್ತು: ಬುತ್ತಿ ತಗೊಂಡು ಹೊಲಕ್ಕ ಹೊಂಟಳು, ನನಗ ದಮ್ಮು ಹತ್ತಿತು.’

“ಎರಡರಿಂದ ನಾಕು ಖಾಲಿ ಐತಲ್ರಿ?”

“ಅವಾಗ ನಾ ನಿದ್ದಿ ಮಾಡಿಬಿಟ್ಟೆರಿ.”

ಗೌಡಶ್ಯಾನಿ ಬಡಿತ ಸರಿಯಾಗಿತ್ತು, ಒಂದೂ ತಪ್ಪಿರಲಿಲ್ಲ. ನಿಜ ಹೇಳ್ತೇನಿ, ಭಾಳ ಖುಷಿ ಆತು.

ಅಷ್ಟರಾಗ ಗೌಡ್ರು ಅಂಗಿ ಗುಂಡಿ ಬಿಚ್ಚಿ ಕುಂತ್ರು. “ಈಗ ನನಗ ಕಟ್ರಿ ಮಾರಾಯ್ರ. ಬರಿಯೋದ್ರಾಗನ ಎದಿ ಡಬಡಬ ಅನ್ನಾಕತ್ತೇತಿ!”

ನಾ ವೈರ್ ತಗೊಂಡೆ. ಬಾಗಲದಾಗ ನಿಂತಿದ್ದ ಗೌಡಶ್ಯಾನಿ ತಿರುಗಿ ನೋಡಿದ್ರು. “ಗ್ಯಾಸ್ ಇರಬೇಕ್ರಿ. ನಡೀರಿ, ಒಂದು ಸೋಡಾ ಕುಡಸ್ತೇನಿ.”