ಎಡದಿಂದ ಮೊದಲನೆಯವರಾದ ಹೋತರಾಯರಿಗೆ

ವಾಡಿ, ೧೨ ಡಿಸೆಂಬರ್ ೧೯೭೪. ನಮ್ಮ ವಾಣಿಜ್ಯ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘದ ಸ್ಮರಣ ಸಂಚಿಕೆ ಹೊರಬಂದು ವಾರವಾಯಿತು. ಮೊದಲ ಪುಟದಲ್ಲಿ ಸಾಧಕರ ಫೋಟೋ ಇದೆ. ನನಗೆ ಹೆಣ್ಣು ಕೊಡುವ ಮಾತು ನಡೆದಿರುವ ಸುಲೇಪೇಟದ ಮನೆಗೂ ಒಂದು ಪ್ರತಿ ತಲುಪಿದೆ. ಆ ಮನೆಯವರಾರೂ ನನ್ನನ್ನು ಕಂಡವರಲ್ಲ.

ಮಾನ್ಯರೇ,

ತಮ್ಮನ್ನು ಸಾಕಿದ ಬಾಬುಮಿಯಾ ಅವರ ಹಿತ್ತಲಿಗೆ ಭೂಷಣರೂ, ನಮ್ಮ ಬೆರಳಚ್ಚು ಕೊಠಡಿಗೆ ಯಾವ ವಿದ್ಯಾರ್ಥಿಗಿಂತಲೂ ತಪ್ಪದೆ ಹಾಜರಾಗಿ ಕಾರ್ಬನ್ ಕಾಗದವನ್ನು ತೃಪ್ತಿಯಿಂದ ಸೇವಿಸುವವರೂ ಆದ ತಮಗೆ, ಕೊಂಬಿನಿಂದ ಗೊರಸಿನವರೆಗೆ ನನ್ನ ವಂದನೆಗಳು.

ಫೋಟೋ ತೆಗೆದ ದಿನ ತಾವು ಅಂಗಳದ ಕಲ್ಲುಕಟ್ಟೆಯನ್ನೇರಿ ಸಾಲಿನ ಎಡತುದಿಯಲ್ಲಿ, ನನ್ನ ಪಕ್ಕಕ್ಕೆ, ನನ್ನ ಎತ್ತರಕ್ಕೇ ನಿಂತದ್ದನ್ನು ಯಾರೂ ಆಕ್ಷೇಪಿಸಲಿಲ್ಲ. ತಮ್ಮಷ್ಟು ಅಲುಗಾಡದೆ ನಿಂತವರು ಅಲ್ಲಿ ಬೇರೆ ಇರಲಿಲ್ಲ. ಸಂಘದ ಕಾರ್ಯದರ್ಶಿ ನಾಗೇಂದ್ರಪ್ಪನವರು ಎಡದಿಂದ ಬಲಕ್ಕೆ ನಮ್ಮ ಹೆಸರುಗಳನ್ನು ಬರೆದುಕೊಟ್ಟರು, ಮುದ್ರಣಾಲಯದವರು ಭೇದಭಾವವೆಣಿಸದೆ ತಲೆಗೊಂದರಂತೆ ಹಂಚಿದರು. ಹೀಗಾಗಿ ‘ನಾಮದೇವ, ಶೀಘ್ರಲಿಪಿಯಲ್ಲಿ ಪ್ರಥಮ, ರೈಲ್ವೆ ಗುಮಾಸ್ತ, ಅವಿವಾಹಿತ’ ಎಂಬ ನನ್ನ ಸಮಸ್ತ ಸಾಧನೆಯೂ ತಮ್ಮ ಗಡ್ಡದ ಕೆಳಗೆ ಸೇರಿತು. ನನ್ನ ಪಾಲಿಗೆ ಬಲಪಕ್ಕದ ಹಣಮಪ್ಪನವರ ಸಿಮೆಂಟ್ ಕಾರ್ಖಾನೆಯ ನೌಕರಿ, ಪತ್ನಿ ಮತ್ತು ನಾಲ್ವರು ಮಕ್ಕಳು ಬಂದರು. ಬಲತುದಿಯಲ್ಲಿದ್ದ ನಾಗೇಂದ್ರಪ್ಪನವರಿಗೆ ಹೆಸರೇ ಉಳಿಯಲಿಲ್ಲ; ಅದನ್ನು ಅವರು ನಿಸ್ವಾರ್ಥ ಸೇವೆಯೆಂದು ಊರಿಗೆಲ್ಲ ಹೇಳಿಕೊಂಡಿರುವುದರಿಂದ ಈಗ ತಿದ್ದುಪಡಿಗೆ ಒಪ್ಪುತ್ತಿಲ್ಲ.

ಮೊನ್ನೆ, ನಾನು ಮದುವೆಯಾಗಬೇಕಾದ ಸುಂದರಮ್ಮನವರ ಕಾಕಾ ಚಂದ್ರಾಮ ಅವರು ವರನ ವಿಚಾರಣೆಗೆಂದು ವಾಡಿಗೆ ಬಂದು, ಸಂಚಿಕೆಯಲ್ಲಿನ ಮುಖ ಗುರುತಿಸಿ, ನೇರವಾಗಿ ನನ್ನನ್ನೇ ಹಿಡಿದರು. “ಹಣಮಪ್ಪನವರ, ಮಕ್ಕಳು ಆರಾಮ ಅದಾವೇನ್ರಿ?” ಎಂದು ಕೇಳಿ, ಹೋತರಾಯರೇ, ತಮ್ಮ ಚಿತ್ರದ ಮೇಲೆ ಬೆರಳಿಟ್ಟು, “ಈ ನಾಮದೇವ ಹ್ಯಾಂಗರಿ? ಗಡ್ಡ ಒಂದೀಟು ಜಾಸ್ತಿ ಅದ, ಆದ್ರ ಮನುಷ್ಯ ಭಾಳ ಶಾಂತ ಕಾಣ್ತಾನ” ಎಂದರು. ನನ್ನ ಗುಣವನ್ನು ನಾನೇ ಹೊಗಳಿಕೊಳ್ಳುವುದು ಹೇಗೆಂಬ ಸಂಕೋಚದಲ್ಲಿ ಸಿಕ್ಕಿಬಿದ್ದು, ತಾವು ಬೀಡಿ ಸೇದುವುದಿಲ್ಲ, ಇಸ್ಪೀಟು ಆಡುವುದಿಲ್ಲ, ಯಾರಿಗೂ ಎದುರುತ್ತರ ಕೊಟ್ಟವರಲ್ಲ ಎಂಬ ಸತ್ಯವನ್ನಷ್ಟೇ ಹೇಳಿದೆ.

ಅವರಿಗೆ ಪರಮಾನಂದವಾಯಿತು. “ನಮ್ಮ ಸುಂದ್ರಿ ಫೋಟೋ ನೋಡಿ ನಕ್ಕಿದ್ದೇ ನಕ್ಕಿದ್ದು. ‘ಕಾಕಾ, ಇವರು ನೆಟ್ಟಗ ನೋಡಾಕತ್ತಾರ. ಬಾಜೂದವರು ಏನು ಕಳಕೊಂಡಾರ, ನೆಲಾನೇ ನೋಡಾಕತ್ತಾರಲ್ಲ? ಐತವಾರ ಬರ್ಲಿ ಅನ್ನು, ಮೇವು ತಂದಿಡ್ತೀನಿ’ ಅಂದಳು. ಮೇವು ಯಾಕಂತ ನನಗಂತೂ ತಿಳೀಲಿಲ್ಲರಿ.”

ನನಗೆ ತಿಳಿಯಿತು. ಆಕೆಗೆ ಎಲ್ಲವೂ ತಿಳಿದಿದೆ. ತಿಳಿಯಬೇಕಾದದ್ದು, ನಾನು ತಲೆ ಎತ್ತುವವನೋ ಅಲ್ಲವೋ ಎಂಬುದಷ್ಟೇ.

ಆದ್ದರಿಂದ ತಮ್ಮಲ್ಲಿ ವಿನಂತಿ: ಹೆಸರನ್ನು ಇಟ್ಟುಕೊಳ್ಳುವುದಾದರೆ ಸೋಮವಾರದಿಂದ ರೈಲ್ವೆ ಕಚೇರಿಗೂ ತಾವೇ ಹಾಜರಾಗಬೇಕು, ಅಲ್ಲಿ ಕಾಗದಕ್ಕೆ ಬರವಿಲ್ಲ, ಹಣಮಪ್ಪನವರ ಮಕ್ಕಳಲ್ಲಿ ಇಬ್ಬರನ್ನಾದರೂ ವಹಿಸಿಕೊಳ್ಳಬೇಕು, ಇವೆರಡೂ ಆಗದಿದ್ದರೆ, ಕ್ಯಾಮೆರಾವನ್ನೇ ನಾಚಿಸಿದ ತಮ್ಮ ಆ ನೋಟವನ್ನು ಐತವಾರದ ಮಟ್ಟಿಗೆ ನನಗೆ ಎರವಲು ಕೊಡಬೇಕು.

ಉತ್ತರ ಬಾರದಿದ್ದರೂ ಅಂದು ಸುಲೇಪೇಟಕ್ಕೆ ಹೋಗಿ, ಸುಂದರಮ್ಮನವರ ಮುಖವನ್ನು ನೇರವಾಗಿ ನೋಡಿ, ನಾನೇ ನಾಮದೇವ ಎಂದು ಹೇಳುವುದಾಗಿ ನಿರ್ಧರಿಸಿದ್ದೇನೆ. ಇಂದು ಗುರುವಾರ. ಕನ್ನಡಿಯೆದುರು ಅಭ್ಯಾಸ ನಡೆದಿದೆ. ಸದ್ಯಕ್ಕೆ ನನ್ನ ಗದ್ದ ಅಂಗಿಯ ಗುಂಡಿಯನ್ನು ಬಿಟ್ಟು ಮೇಲೆದ್ದಿದೆ, ಕಣ್ಣುಗಳು ಇನ್ನೂ ಎದ್ದಿಲ್ಲ.

ಎಡದಿಂದ ಎರಡನೆಯವನಾದ ತಮ್ಮ ವಿಶ್ವಾಸಿ,
ಸಂಚಿಕೆಯ ಪ್ರಕಾರ ಹಣಮಪ್ಪ

ತಾ.ಕ.: ಸಂಘದ ವಾರ್ಷಿಕ ಸಮಾರಂಭಕ್ಕೆ ಈ ಸಲ ಮಾಂಸದೂಟವೆಂದು ಸಮಿತಿ ಒಮ್ಮತದಿಂದ ತೀರ್ಮಾನಿಸಿದೆ, ಬಾಬುಮಿಯಾ ಅವರೊಂದಿಗೆ ಮಾತುಕತೆ ಇನ್ನೂ ಆಗಬೇಕಿದೆ. ಸಾಧಕರೆಲ್ಲರೂ ತಪ್ಪದೆ ಪಾಲ್ಗೊಳ್ಳಬೇಕೆಂದು ಕೋರಲಾಗಿದೆ. ತಾವು ಯಾವ ರೀತಿಯಲ್ಲಿ ಪಾಲ್ಗೊಳ್ಳುವಿರೆಂಬುದು, ಅಂದು ತಾವು ಯಾರೆಂಬುದನ್ನು ಅವಲಂಬಿಸಿದೆ.