ಅಣ್ಣ ಹೇಳಿದ್ದು ಸ್ಟೀಲ್

ಅಣ್ಣ ಹೋದ ಸುದ್ದಿ ಬಂದ ದಿನ ಟೈಲರ್ ಕೋಟೊಂದರ ತೋಳಿಗೆ ಗುಂಡುಸೂಜಿ ಚುಚ್ಚುತ್ತಿದ್ದ. ಫೋನ್ ಎತ್ತಿಕೊಳ್ಳುವಾಗ ಸೂಜಿಯ ಡಬ್ಬಿ ಉರುಳಿತು. ಅತ್ತಿಗೆ ಹೇಳಿದ್ದನ್ನೆಲ್ಲ ಕೇಳಿ, ಫೋನ್ ಇಟ್ಟು, ಅವನು ನೆಲದ ಮೇಲೆ ಕೂತ. ಅಯಸ್ಕಾಂತ ಆಡಿಸಿ ಚೆಲ್ಲಿದ ಸೂಜಿಗಳನ್ನು ಆಯತೊಡಗಿದ. ಆಯುವುದಕ್ಕೆ ಒಂದೂ ಉಳಿಯದೆ ಹೋದಾಗಲೇ ಅಳು ಬಂದದ್ದು.

ಅಳುತ್ತಲೇ ಸೈಕಲ್ ಹತ್ತಿ ಅಣ್ಣನ ಮನೆಯ ಕಡೆ ಹೊರಟ. ಕಣ್ಣು ಮಂಜಾಗಿತ್ತು, ರಸ್ತೆಯಲ್ಲಿ ಚರಂಡಿಗೆಂದು ಅಗೆದ ಗುಂಡಿ ಕಾಣಲಿಲ್ಲ. ಸೀಟಿನ ಕೆಳಗೆ ಫ್ರೇಮ್ ಲಟಕ್ಕೆಂದು ಬಿರುಕು ಬಿಟ್ಟಿತು. ಹೀಗೆ ಒಂದೇ ದಿನ ಅಣ್ಣನೂ ಹೋದ, ಸೈಕಲೂ ಹೋಯಿತು.

ಅಣ್ಣ ತೂಕ ಮತ್ತು ಅಳತೆಯ ಇನ್‌ಸ್ಪೆಕ್ಟರ್ ಆಗಿದ್ದವನು. ಅವನು ಬೀದಿಗೆ ಕಾಲಿಟ್ಟರೆ ಅಂಗಡಿಯವರ ತಕ್ಕಡಿಗಳು ತಾವೇ ನೆಟ್ಟಗಾಗುತ್ತಿದ್ದವು ಎನ್ನುವ ಮಾತಿತ್ತು. ಭಾನುವಾರ ತಮ್ಮನನ್ನೂ ಗೆಳೆಯರನ್ನೂ ಕಟ್ಟಿಕೊಂಡು ಸೈಕಲ್ಲಿನಲ್ಲಿ ಬೆಟ್ಟ ಹತ್ತುವುದು ಅವನ ಹುಚ್ಚು. ಅಣ್ಣ ಶಿಳ್ಳೆ ಹಾಕುತ್ತ ಮೇಲೆ ಹೋಗಿ ಬಂಡೆಯ ಮೇಲೆ ಕೂತಿರುತ್ತಿದ್ದ. ತಮ್ಮ ಕೊನೆಯ ತಿರುವಿನಲ್ಲಿ ಕಾಲೂರಿ, ಸೈಕಲ್ ತಳ್ಳಿಕೊಂಡು ಬರುತ್ತಿದ್ದ.

"ಬಂದ್ಯೇನೋ ದರ್ಜಿ? ನಿಂಗಿಂತ ನಿನ್ ಹೊಲಿಗೆ ಮಿಷನ್ನೇ ಬೇಗ ಬರ್ತಿತ್ತು," ಎನ್ನುತ್ತಿದ್ದ ಅಣ್ಣ. ತಮ್ಮ ಒಮ್ಮೆ ಹಗುರವಾದ ಟೈಟಾನಿಯಂ ಫ್ರೇಮಿನ ಮಾತೆತ್ತಿದಾಗ ಅಣ್ಣ ಮುಖ ಗಂಟಿಕ್ಕಿದ್ದ. "ಟೈಟಾನಿಯಂ ಅನ್ನೋದು ಕಾಲಲ್ಲಿ ಕಸುವಿಲ್ಲದೋರಿಗೆ. ನಾನು ಸ್ಟೀಲ್, ನೀನೂ ಸ್ಟೀಲ್. ಮತ್ತೆ ಆ ಮಾತೆತ್ತಬೇಡ." ತಮ್ಮ ಮತ್ತೆ ಎತ್ತಲಿಲ್ಲ.

ಈಗ ಗೆಳೆಯರೆಲ್ಲ ಸೇರಿ ಅಣ್ಣನ ನೆನಪಿಗೆ ಮುಂದಿನ ಭಾನುವಾರ ಬೆಟ್ಟ ಹತ್ತಿ, ಮೇಲೆ ಪ್ರಾರ್ಥನೆ ಮಾಡುವುದೆಂದು ನಿಶ್ಚಯಿಸಿದ್ದರು. ಆ ಭಾನುವಾರ ಬೆಳಿಗ್ಗೆ ಟೈಲರ್ ದೇವರ ಮುಂದೆ ಕೈಮುಗಿದು ಮಾತು ಕೊಟ್ಟ: ಇಂದು ಸಂಜೆ ಕಾಲೂರದೆ ತುದಿ ಮುಟ್ಟುತ್ತೇನೆ, ಅದೂ ಸ್ಟೀಲಿನ ಮೇಲೆಯೇ.

ಮಾತು ಕೊಟ್ಟಾಯಿತು, ಫ್ರೇಮ್ ಇರಲಿಲ್ಲ. ಮುರಿದ ಸೈಕಲ್ ಹೊತ್ತುಕೊಂಡು ಸೈಕಲ್ ಶಾಪಿಗೆ ಹೋದ. ಅಣ್ಣನಿಗೂ ಅವನಿಗೂ ಅದೇ ಶಾಪು. ಶಾಪಿನವನ ಹತ್ತಿರ ಅಳತೆಗೆ ಸರಿಹೋಗುವ ಫ್ರೇಮ್ ಒಂದೇ ಇತ್ತು, ಅದು ಟೈಟಾನಿಯಂ. ಇವತ್ತೊಂದು ದಿನ ಹಾಕಿಕೊಂಡು ಹೋಗಿ, ನಾಳೆ ಬಿಚ್ಚಿ ಕೊಡಿ ಎಂದ. ಟೈಲರ್ ಅದನ್ನು ಎರಡು ಬೆರಳಲ್ಲಿ ಎತ್ತಿ ನೋಡಿದ. ಗಾಳಿಯೇ ಎದ್ದು ಕೈಗೆ ಬಂದಂತಿತ್ತು. ಬಾಯಲ್ಲಿ ನೀರೂರಿತು. ಕೂಡಲೇ ಪಾಪ ಮಾಡಿದವನಂತೆ ಕೆಳಗಿಟ್ಟ.

"ಬೇಡ. ಅಣ್ಣ ಹೇಳಿದ್ದು ಸ್ಟೀಲ್."

"ಹಾಗಾದ್ರೆ ಅಣ್ಣೋರ ಕಪ್ಪು ಸೈಕಲ್ಲೇ ಇದೆಯಲ್ಲ ಟೈಲರಣ್ಣ, ಅದನ್ನೇ ಹತ್ತಬಾರ್ದಾ?" ಎಂದ ಶಾಪಿನವನು, ಎಲ್ಲೋ ನೋಡುತ್ತ.

ಅಣ್ಣನ ಸೈಕಲ್ ಹತ್ತಿ ಗೆದ್ದರೆ ಗೆದ್ದವನು ಅಣ್ಣನೇ ಆಗುತ್ತಾನೆ ಎಂದು ಟೈಲರ್ ಹೊರಟುಬಿಟ್ಟ.

ಅವನ ಅಂಗಡಿಯ ಮೇಲೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು. ಡಾಕ್ಟರಿಗೂ ಬೆಟ್ಟದ ಆಸೆ. ಟೈಟಾನಿಯಮ್ಮೋ ಸ್ಟೀಲೋ ಎಂದು ತಿಂಗಳುಗಟ್ಟಲೆ ಒದ್ದಾಡಿ, ಕೊನೆಗೆ ಸ್ಟೀಲ್ ಫ್ರೇಮ್ ತಂದು, ತಂದ ಮರುದಿನವೇ ಪಶ್ಚಾತ್ತಾಪಪಟ್ಟು, ಅದನ್ನು ಬೇಟೆಯಾಡಿದ ಜಿಂಕೆಯ ತಲೆಯ ಹಾಗೆ ಗೋಡೆಗೆ ನೇತುಹಾಕಿದ್ದರು. ಟೈಲರ್ ಹೋದಾಗ ಕುರ್ಚಿಯಲ್ಲೊಬ್ಬ ರೋಗಿ ಬಾಯಿ ತೆರೆದುಕೊಂಡು ಮಲಗಿದ್ದ. ಟೈಟಾನಿಯಂ ತುಕ್ಕು ಹಿಡಿಯುವುದಿಲ್ಲ, ದವಡೆಯ ಮೂಳೆಗೇ ಅದನ್ನು ಕೂರಿಸುತ್ತೇವೆ ಎಂದು ಡಾಕ್ಟರು ರೋಗಿಯ ಬಾಯನ್ನೇ ಉದಾಹರಣೆಗೆ ತೋರಿಸಿ ದೀರ್ಘವಾಗಿ ವಿವರಿಸಿದರು. ರೋಗಿ ತನಗೂ ಏನೋ ಹೇಳುವುದಿದೆ ಎಂದು ಕೈಯೆತ್ತಿದ. ಯಾರೂ ಗಮನಿಸಲಿಲ್ಲ.

"ಅದೆಲ್ಲ ಸರಿ ಡಾಕ್ಟ್ರೇ. ಸ್ಟೀಲ್ ಅಂದ್ರೆ ಸ್ಟೀಲ್. ಗೋಡೆ ಮೇಲಿಂದು ಕೊಡ್ತೀರಾ?"

ಡಾಕ್ಟರು ಯೋಚಿಸಿದರು. ತಮ್ಮಲ್ಲಿ ಫ್ರೇಮಿದೆ, ಚಕ್ರವಿಲ್ಲ; ಟೈಲರಲ್ಲಿ ಚಕ್ರವಿದೆ, ಫ್ರೇಮಿಲ್ಲ. ಇನ್‌ಸ್ಪೆಕ್ಟರ ಹಳೆಯ ಸೈಕಲ್ ತಮಗೆ ಕೊಡಿಸಿದರೆ ಫ್ರೇಮ್ ಬಿಟ್ಟುಕೊಡುವುದಾಗಿ ಹೇಳಿದರು.

ಟೈಲರ್ ಅತ್ತಿಗೆಯ ಬಳಿ ಓಡಿದ. "ಅದನ್ನ ಕಂಡಾಗೆಲ್ಲ ಅವರೇ ಬಂದು ನಿಂತ ಹಾಗಾಗತ್ತೆ ಕಣೋ. ತಗೊಂಡ್ಹೋಗು, ಏನಾದ್ರೂ ಮಾಡ್ಕೋ," ಎಂದರು ಅತ್ತಿಗೆ. ಹೊರಡುವಾಗ ಅಣ್ಣನ ನೀಲಿ ಅಂಗಿಯದೊಂದು ತುಂಡು ಕೈಗಿಟ್ಟು, ನಿನ್ನ ಸೈಕಲ್ಲಿಗೆ ಕಟ್ಟಿಕೋ ಎಂದರು.

ಆ ಸೈಕಲ್ಲನ್ನು ಅಣ್ಣ ಬದುಕಿರುವಾಗ ಯಾರಿಗೂ ಮುಟ್ಟಗೊಟ್ಟವನಲ್ಲ. ಈಗಲೂ ಟೈಲರ್ ಅದನ್ನು ಎತ್ತಲಿಲ್ಲ, ವಯಸ್ಸಾದವರ ಕೈಹಿಡಿದು ನಡೆಸುವಂತೆ ಉರುಳಿಸಿಕೊಂಡು ಬಂದ. ಡಾಕ್ಟರು ಒಂದೇ ಕೈಯಲ್ಲಿ ಎತ್ತಿ ಮೆಟ್ಟಿಲೇರಿಸಿದರು. ದಿನವೂ ಹಲ್ಲು ಕೀಳುವ ಕೈಯಲ್ಲವೇ, ಎಂಥ ಬಲ ಎಂದುಕೊಂಡ ಟೈಲರ್.

ಸ್ಟೀಲ್ ಫ್ರೇಮ್ ಹೆಗಲ ಮೇಲಿಟ್ಟು ಮತ್ತೆ ಶಾಪಿಗೆ ಬಂದ. ಶಾಪಿನವನು ಹಳೆಯ ಚಕ್ರ, ಪೆಡಲು, ಚೈನು ಎಲ್ಲವನ್ನೂ ಅದಕ್ಕೆ ಕೂರಿಸುತ್ತ ಇದು ಎಲ್ಲಿ ಸಿಕ್ಕಿತೆಂದು ಕೇಳಿದ.

"ಅಣ್ಣನ ಸೈಕಲ್ ಡಾಕ್ಟ್ರಿಗೆ ಕೊಟ್ಟು ತಂದೆ."

ಶಾಪಿನವನ ಕೈಯಿಂದ ಪಾನಾ ಜಾರಿ ಅವನದೇ ಕಾಲಿನ ಮೇಲೆ ಬಿತ್ತು. ಕಾಲು ಹಿಡಿದುಕೊಂಡು ಏನೋ ಹೇಳಲು ಬಾಯಿ ತೆರೆದ, ಮುಚ್ಚಿದ. ಆಮೇಲೆ ಚೈನಿನ ಮೇಲೆ ಬಗ್ಗಿ ಕೆಲಸ ಮುಗಿಸಿದ.

ಸಂಜೆ ಶಾಪಿನವನೂ ಸೇರಿ ಎಲ್ಲರೂ ಹೊರಟರು. ಟೈಲರ್ ನೀಲಿ ಬಟ್ಟೆಯ ತುಂಡಿಗೆ ಅಂಚು ಹೊಲಿದು, ಅದರ ಮೇಲೆ ತನ್ನ ಅಯಸ್ಕಾಂತ ಒತ್ತಿ ಫ್ರೇಮಿಗೆ ಅಂಟಿಸಿಕೊಂಡಿದ್ದ. ಹಿಂದಿನವರು ಒಬ್ಬೊಬ್ಬರೇ ಅವನನ್ನು ದಾಟಿದರು. ಅವನು ಹಲ್ಲು ಕಚ್ಚಿ ತುಳಿದ. ಎಣ್ಣೆ ಕಾಣದ ಮಿಷನ್ನಿನಂತೆ ಉಸಿರು ಕಿರುಗುಟ್ಟಿತು. ಕೊನೆಯ ತಿರುವು ಬಂತು. ದೇವರ ಹೆಸರು ಹೇಳಿಕೊಂಡು ಒಂದು ತುಳಿತ, ಇನ್ನೊಂದು ತುಳಿತ. ಆಗ ಪಕ್ಕದಲ್ಲಿ ಶಿಳ್ಳೆ ಕೇಳಿಸಿತು. ಅಣ್ಣನದೇ ಶಿಳ್ಳೆ ಎಂದುಕೊಂಡ. ತಿರುಗಿ ನೋಡಿದರೆ ಕಪ್ಪು ಸೈಕಲ್ಲಿನ ಮೇಲೆ ಡಾಕ್ಟರು. ಮೊದಲ ಸಲ ಬೆಟ್ಟ ಹತ್ತುತ್ತಿದ್ದವರು ಒಂದೇ ಏಟಿಗೆ ಸೂಜಿ ಹೊಕ್ಕ ದಾರದ ಹಾಗೆ ಸಲೀಸಾಗಿ ಮುಂದೆ ಹೋದರು.

ಟೈಲರ್ ಕಾಲೂರಿದ.

ತಳ್ಳಿಕೊಂಡು ಮೇಲೆ ಬಂದಾಗ ಬಂಡೆಯ ಮೇಲೆ ಡಾಕ್ಟರು ಕೂತಿದ್ದರು. ಗೆದ್ದದ್ದು ಅಣ್ಣನ ಸೈಕಲ್, ನೀಲಿ ಬಟ್ಟೆ ಅದಕ್ಕೇ ಸಲ್ಲಬೇಕು ಎಂದು ಟೈಲರಿಗೆ ತೋರಿತು. ಬಟ್ಟೆಯನ್ನು ಬಿಡಿಸಿ ಕಪ್ಪು ಫ್ರೇಮಿನ ಮೇಲಿಟ್ಟು ಅಯಸ್ಕಾಂತ ಒತ್ತಿದ. ಅದು ಕೆಳಗೆ ಬಿತ್ತು. ಧೂಳು ಒರೆಸಿ ಮತ್ತೆ ಒತ್ತಿದ. ಮತ್ತೆ ಬಿತ್ತು. ತನ್ನ ಸೈಕಲ್ಲಿಗೆ ಹಿಡಿದ, ಟಪ್ಪನೆ ಕಚ್ಚಿಕೊಂಡಿತು.

ಅವನು ನಿಧಾನವಾಗಿ ಶಾಪಿನವನ ಕಡೆ ತಿರುಗಿದ. ಶಾಪಿನವನು ಬಂಡೆಯ ಹಿಂದೆ ಸರಿಯುತ್ತಿದ್ದ.

"ಇದು ಸ್ಟೀಲ್ ಅಲ್ವಾ?"

"ಟೈಟಾನಿಯಂ, ಟೈಲರಣ್ಣ. ಮೊದಲಿಂದಲೂ. ಮೇಲೆ ಕಪ್ಪು ಬಣ್ಣ ಬಳಿದೋನು ನಾನೇ."

"ಅಣ್ಣ ಸತ್ತ ಮೇಲಾದ್ರೂ ಒಂದು ಮಾತು ಹೇಳಬಾರ್ದಿತ್ತೇನಯ್ಯ?"

"ಬದುಕಿರೋವರ್ಗೂ ಹೇಳಬೇಡ ಅಂದಿದ್ರೆ ಹೇಳಿರ್ತಿದ್ದೆ. ಅವರು ಸತ್ತ ಮೇಲೂ ಹೇಳಬೇಡ ಅಂತ ಆಣೆ ಹಾಕಿಸ್ಕೊಂಡಿದ್ರು."

ಟೈಲರ್ ಡಾಕ್ಟರನ್ನು ನೋಡಿದ. ಡಾಕ್ಟರು ಕಪ್ಪು ಸೈಕಲ್ಲಿನ ಹ್ಯಾಂಡಲನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡರು.

"ನೀವೇ ಹೇಳಿದ್ರಲ್ಲ ಟೈಲರ್ರೇ, ಸ್ಟೀಲ್ ಅಂದ್ರೆ ಸ್ಟೀಲ್ ಅಂತ."

ಪ್ರಾರ್ಥನೆಗೆ ಹೊತ್ತಾಗಿತ್ತು. ಒಡಹುಟ್ಟಿದವನೇ ಹೇಳಲಿ ಎಂದರು ಎಲ್ಲರೂ. ಟೈಲರ್ ನೀಲಿ ಬಟ್ಟೆಯನ್ನು ಅಂಗೈಯಲ್ಲಿ ಮಡಿಸಿಕೊಂಡು ಕಣ್ಣು ಮುಚ್ಚಿದ. ನಗು ಬಂತು, ಅದರ ಬೆನ್ನಿಗೇ ಅಳುವೂ ಬಂತು. ಎರಡನ್ನೂ ನುಂಗಿಕೊಂಡು ಹೇಳಿದ:

"ದೇವರೇ, ನನ್ನಣ್ಣ ಊರವರ ತಕ್ಕಡಿಯನ್ನೆಲ್ಲ ತೂಗಿ ನೋಡಿದವನು. ಅವನನ್ನು ತೂಗುವಾಗ ನೀನು ಸ್ವಲ್ಪ ಧಾರಾಳವಾಗಿ ತೂಗು. ನಿನ್ನಲ್ಲಿ ಬೆಟ್ಟಗಳಿದ್ದರೆ ಅವನಿಗೊಂದು ಸ್ಟೀಲ್ ಸೈಕಲ್ ಕೊಡು, ನಾನು ಬರುವವರೆಗೆ ಹತ್ತುತ್ತಿರಲಿ. ಅವನ ಆತ್ಮಕ್ಕೆ ಶಾಂತಿ ಕೊಡು."