ತಂತಿಯಿಲ್ಲದ ತಂಟೆಗಳು

ರೇಡಿಯೋ ತರಂಗಗಳನ್ನು ಯಾರು, ಎಷ್ಟು ಬಳಸಬೇಕೆಂದು ನೋಡಿಕೊಳ್ಳುವ ಕಚೇರಿಯಲ್ಲಿ ನನಗೆ ಕೆಲಸ. ಕಣ್ಣಿಗೆ ಕಾಣದ ವಸ್ತುವಿಗೆ ಕಾವಲು ನಿಂತವನಿಗೆ ಮುಂದೆ ಹೇಳುವಂಥ ಪ್ರಸಂಗಗಳು ಸಂಬಳದ ಜೊತೆಗೇ ಬರುತ್ತವೆ. ಅದರಲ್ಲೂ ಮಂಡ್ಯದ ಹೆಣ್ಣನ್ನು ಮದುವೆಯಾಗಿದ್ದರೆ ಕೇಳುವುದೇ ಬೇಡ.

ಷರತ್ತು

ಗೇಟಿನ ರಿಮೋಟು, ಕಿವಿಗೆ ಸಿಕ್ಕಿಸುವ ಇಯರ್‌ಫೋನು ಮುಂತಾದ, ಹತ್ತಿರದಲ್ಲಷ್ಟೇ ಕೆಲಸ ಮಾಡುವ ವೈರ್‌ಲೆಸ್ ಸಾಮಾನುಗಳಿಗೆ ಲೈಸೆನ್ಸು ಬೇಡ. ಆದರೆ ಷರತ್ತಿದೆ. ಮಂಡ್ಯದ ಗುತ್ತಲು ಬಡಾವಣೆಯ ನಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೆಂಡತಿಗೆ ಅದನ್ನು ಠೀವಿಯಿಂದ ವಿವರಿಸಿದೆ: ಇವು ಯಾರಿಗೂ ತೊಂದರೆ ಕೊಡಬಾರದು, ಬೇರೆಯವರು ಕೊಟ್ಟ ತೊಂದರೆಯನ್ನು ತುಟಿಪಿಟಕ್ಕೆನ್ನದೆ ಸಹಿಸಿಕೊಳ್ಳಬೇಕು.

ಅವಳು ಮುದ್ದೆ ಬಡಿಸುತ್ತಾ, "ಇದೇನ್ ಒಸದಾ? ನಿಮ್ಮನೆಗೆ ಕಳ್ಸುವಾಗ ನಮ್ಮವ್ವ ಏಳಿದ್ದೂ ಇದೇ ಕಣ್ರೀ" ಅಂದಳು.

ಎರಡು ಮೋಟರು

ಹನಕೆರೆ ಹತ್ತಿರ ಅಕ್ಕಪಕ್ಕದ ಗದ್ದೆಯ ಇಬ್ಬರು ಮದ್ದೂರಿನ ಒಂದೇ ಅಂಗಡಿಯಲ್ಲಿ ಪಂಪ್‌ಸೆಟ್ ರಿಮೋಟು ಕೊಂಡಿದ್ದರು. ಒಬ್ಬ ಗುಂಡಿ ಒತ್ತಿದರೆ ಇಬ್ಬರ ಮೋಟರೂ ಶುರು. ಬದುವಿನ ಜಗಳದಿಂದ ಮಾತು ಬಿಟ್ಟಿದ್ದವರು, ಆ ಕೋಪದಲ್ಲೇ ದೂರು ಕೊಟ್ಟಿದ್ದರು. ನಮ್ಮ ಕಚೇರಿಯ ವೇಗದಲ್ಲಿ ನಾನು ಹೋಗುವಷ್ಟರಲ್ಲಿ ಕಬ್ಬು ಎದೆಮಟ್ಟ ಬೆಳೆದಿತ್ತು. ರಿಮೋಟಿನ ಕೋಡ್ ಬದಲಾಯಿಸಲು ಹೊರಟರೆ ಇಬ್ಬರೂ ಒಟ್ಟಿಗೆ ತಡೆದರು.

"ಬುಡಿ ಸಾ, ರಾತ್ರಿ ಕರೆಂಟ್ ಬಂದಾಗ ಒಬ್ಬ ಎದ್ ಒತ್ತುದ್ರೆ ಇಬ್ರು ಗದ್ದೆಗೂ ನೀರು. ಇನ್ನೊಬ್ಬ ಮಲಗ್ಬೋದು."

ಗಟ್ಟಿಮೇಳ

ಹೆಂಡತಿಯ ತಂಗಿಯ ಮದುವೆ ಮಳವಳ್ಳಿಯಲ್ಲಿ. ಗೋಡೆಗೆ ಗೋಡೆ ಅಂಟಿಕೊಂಡ ಎರಡು ಕಲ್ಯಾಣಮಂಟಪ, ಎರಡರಲ್ಲೂ ಮದುವೆ. ಎರಡು ಕಡೆಯೂ ಒಂದೇ ಅಂಗಡಿಯ ವೈರ್‌ಲೆಸ್ ಮೈಕು. ನಮ್ಮ ಪುರೋಹಿತರು ಮಂತ್ರ ಹೇಳುತ್ತಿದ್ದರೆ ನಡುವೆ ನಮ್ಮದೇ ಸ್ಪೀಕರಿನಲ್ಲಿ, ಕೋಸಂಬರಿ ಇನ್ನೊಂದು ಸುತ್ತು ಬರಲಿ ಎಂಬ ಪಕ್ಕದವರ ಅಪ್ಪಣೆ.

ಪಕ್ಕದ ವರನ ತಂದೆ ಓಡಿಬಂದರು. ಅವರ ಮುಹೂರ್ತ ನಮ್ಮದಕ್ಕಿಂತ ತಡ. "ನಿಮ್ ಗಟ್ಟಿಮೇಳ ನಮ್ ಬಾಕ್ಸಲ್ಲಿ ಬಂದ್ರೆ ನಮ್ಮುಡ್ಗ ಆಗ್ಲೇ ತಾಳಿ ಕಟ್‌ಬುಡ್ತಾನೆ ಕಣಪ್ಪ."

ಮಾವ ನನ್ನ ಕಡೆ ನೋಡಿದರು. ನನ್ನ ಕೆಲಸವೇನೆಂದು ಅವರಿಗೆ ಅರ್ಥವಾದದ್ದೇ ಅವತ್ತು. ನಾನು ಎರಡೂ ಮಂಟಪದ ಮೈಕು ಆರಿಸಿ, ಇನ್ನು ಒಂದಕ್ಷರವೂ ಗೋಡೆ ದಾಟುವುದಿಲ್ಲವೆಂದು ಮಾತು ಕೊಟ್ಟೆ. ಮಾವನ ಮುಖದಲ್ಲಿ ಹೆಮ್ಮೆ ಕಂಡು ನನಗೂ ಖುಷಿಯಾಯಿತು.

ಮುಹೂರ್ತ ಬಂತು. ಕೈಯಲ್ಲಿ ಮೈಕಿಲ್ಲದ ಮಾವ, ನಾಲೆಯ ಆ ದಡದವರನ್ನು ಈ ದಡದಿಂದ ಕೂಗಿ ಕರೆದು ಪಳಗಿದವರು, ಎದ್ದು ನಿಂತು ಹೊಟ್ಟೆಯಾಳದಿಂದ "ಗಟ್ಟಿಮೇಳ" ಅಂದರು. ನಮ್ಮ ವಾಲಗ ಮೊಳಗಿತು, ಕೊರಳಿಗೆ ತಾಳಿ ಬಿತ್ತು. ಗೋಡೆಯಾಚೆಯೂ ವಾಲಗ ಮೊಳಗಿತು.

ಓಡಿದೆ. ಅಲ್ಲಿಯ ವರ ಮೂರನೆಯ ಗಂಟು ಹಾಕಿ ಬೆವರು ಒರೆಸಿಕೊಳ್ಳುತ್ತಿದ್ದ. ಅವರ ಪುರೋಹಿತರು ಪಂಚಾಂಗ ನೋಡಿ, ಲಗ್ನ ಆಗಲೇ ಶುರುವಾಗಿದೆ, ದೋಷವಿಲ್ಲ ಎಂದಮೇಲೆ ಎಲ್ಲರಿಗೂ ಉಸಿರು ಬಂತು.

ವರನ ತಂದೆ ಮಾತ್ರ ನನ್ನ ಹಿಂದೆಯೇ ನಮ್ಮ ಮಂಟಪಕ್ಕೆ ಬಂದು, ಆರಿದ್ದ ಮೈಕನ್ನು ಎತ್ತಿ ತಿರುಗಿಸಿ ನೋಡಿದರು. ಆಮೇಲೆ ಮಾವನನ್ನು ಮೇಲಿಂದ ಕೆಳಗೆ ನೋಡಿದರು.

"ಆಪೀಸರ್ರೇ," ಅಂದರು ನನಗೆ, "ನೀವು ಮೊದ್ಲು ಆಫ್ ಮಾಡ್ಬೇಕಾಗಿದ್ದು ಇವುರ್ನ ಕಣಪ್ಪ."